ನಾವು ವೋಟೇ ಹಾಕಿಲ್ಲ, ಶಾಲೆಗೆ ತೆರಿಗೆ ಯಾಕೆ?

ಸಿಯಾಟಲ್ ಹತ್ತಿರ ಮನೆ ತಗೊಂಡಿದ್ದೀರಿ, ಮೊದಲ ಆಸ್ತಿ ತೆರಿಗೆ ಬಿಲ್ಲಿನಲ್ಲಿ ಮತದಾರರು ಒಪ್ಪಿದ ಶಾಲೆ ತೆರಿಗೆ ಅಂತ ಇದೆ, ಇದೇನು, ಮನೆ ಬೆಲೆ ಏರಿದಂತೆಲ್ಲ ಇದೂ ಏರುತ್ತಾ ಅಂತ ಕೇಳಿದ್ದೀರಿ. ಎರಡನೆಯದಕ್ಕೆ ಮೊದಲು ಹೇಳ್ತೀನಿ: ಹಾಗೆ ಏರುವುದಿಲ್ಲ. ನಾವು ರೆಡ್ಮಂಡ್‌ಗೆ ಬಂದು ಹನ್ನೊಂದು ವರ್ಷ ಆಯಿತು. ಮೊದಲ ಬಿಲ್ ನೋಡಿದಾಗ ನಾನೂ ಅದೇ ಅಂದುಕೊಂಡಿದ್ದೆ.

ಇಲ್ಲಿ ಜನ ಒಪ್ಪುವುದು ದರವನ್ನಲ್ಲ, ಮೊತ್ತವನ್ನು. ಸುಮ್ನೆ ಒಂದು ಲೆಕ್ಕ ನೋಡಿ. ಊರಿನ ಆಸ್ತಿಯೆಲ್ಲ ಸೇರಿ 10,000 ಕೋಟಿ ಡಾಲರ್, ಶಾಲೆಗೆ ವರ್ಷಕ್ಕೆ 10 ಕೋಟಿ ಬೇಕು ಅಂತ ಇಟ್ಟುಕೊಳ್ಳಿ. ಸಾವಿರಕ್ಕೆ 1 ಡಾಲರ್ ಆಯಿತು. 10 ಲಕ್ಷದ ಮನೆಗೆ 1,000 ಡಾಲರ್. ಮುಂದೆ ಎಲ್ಲರ ಮನೆಯ ಬೆಲೆಯೂ ಎರಡರಷ್ಟಾದರೆ ದರ ಅರ್ಧಕ್ಕೆ ಇಳಿಯುತ್ತದೆ, ನೀವು ಕಟ್ಟುವುದು ಅದೇ 1,000. ನಿಮ್ಮ ಮನೆಯ ಬೆಲೆ ಮಾತ್ರ ಬೇರೆಯವರದಕ್ಕಿಂತ ಜೋರಾಗಿ ಏರಿದರೆ ನಿಮ್ಮ ಪಾಲು ಜಾಸ್ತಿ ಆಗುತ್ತದೆ, ಅಷ್ಟೇ.

ಈಗ ಯಾಕೆ ಅನ್ನುವುದು. ಸಿಯಾಟಲ್ ಇರುವ ನಮ್ಮ ಈ ವಾಷಿಂಗ್ಟನ್ ರಾಜ್ಯದಲ್ಲಿ ಶಾಲೆಯ ಖರ್ಚಿನ ದೊಡ್ಡ ಪಾಲನ್ನು ರಾಜ್ಯವೇ ಕೊಡುತ್ತದೆ. ಕೊಡುತ್ತಿರುವುದು ಸಾಲದು ಅಂತ 2012ರಲ್ಲಿ ಮೆಕ್‌ಕ್ಲಿಯರಿ ಮೊಕದ್ದಮೆಯಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಹೇಳಿತು. 2015ರಲ್ಲಿ ರಾಜ್ಯಕ್ಕೆ ದಿನಕ್ಕೆ 1 ಲಕ್ಷ ಡಾಲರ್ ದಂಡವನ್ನೂ ಹಾಕಿತು. ಆಮೇಲೆ ರಾಜ್ಯದ ದುಡ್ಡು ಹೆಚ್ಚಿತು, ಆದರೂ ನರ್ಸ್, ಕೌನ್ಸೆಲರ್, ವಿಶೇಷ ಗಮನ ಬೇಕಾದ ಮಕ್ಕಳ ಜೊತೆ ಇರುವ ಸಹಾಯಕರು, ಆಟೋಟ, ಇವಕ್ಕೆಲ್ಲ ಅದು ಸಾಕಾಗುವುದಿಲ್ಲ. ಆ ಕೊರತೆಗೇ ಶಾಲಾ ಡಿಸ್ಟ್ರಿಕ್ಟ್ (ಆ ಭಾಗದ ಸರ್ಕಾರಿ ಶಾಲೆಗಳನ್ನು ನಡೆಸುವ ಸಂಸ್ಥೆ) ಊರಿನವರ ಹತ್ತಿರ ಬಂದು, ಇಷ್ಟು ವರ್ಷ ಇಷ್ಟಿಷ್ಟು ಕೊಡ್ತೀರಾ ಅಂತ ವೋಟಿಗೆ ಇಡುತ್ತದೆ. ಇದೇ ಲೆವಿ. ಹೆಚ್ಚೆಂದರೆ 4 ವರ್ಷ, ಮುಗಿದ ಮೇಲೆ ಮತ್ತೆ ಕೇಳಬೇಕು. ನನ್ನ ಮಗನಿಗೆ ಆಸ್ತಮಾ ಇದೆ. ಶಾಲೆಯಲ್ಲಿ ನರ್ಸ್ ಇರುವ ದಿನ, ಇಲ್ಲದ ದಿನ ಅಂದರೆ ಏನು ವ್ಯತ್ಯಾಸ ಅಂತ ನನಗೆ ಗೊತ್ತು, ಹಾಗಾಗಿ ಬಿಲ್ಲಿನ ಆ ಸಾಲಿನ ಬಗ್ಗೆ ನನಗೆ ಬೇಜಾರಿಲ್ಲ.

ಕಟ್ಟಡಕ್ಕೆ ಬೇರೆ ದಾರಿ ಇದೆ, ಬಾಂಡ್. ಅದು ಸಾಲ, ಹಲವು ವರ್ಷ ಆಸ್ತಿ ತೆರಿಗೆಯಿಂದ ತೀರಿಸುವುದು. ಲೆವಿಗೆ ಅರ್ಧಕ್ಕಿಂತ ಒಂದು ವೋಟು ಜಾಸ್ತಿ ಬಂದರೂ ಸಾಕು (2007ರಲ್ಲಿ ಸಂವಿಧಾನ ತಿದ್ದಿ ಹೀಗೆ ಮಾಡಿದರು), ಬಾಂಡಿಗೆ ಮಾತ್ರ ಶೇಕಡಾ 60 ಬೇಕೇ ಬೇಕು. ನಮ್ಮ ಲೇಕ್ ವಾಷಿಂಗ್ಟನ್ ಡಿಸ್ಟ್ರಿಕ್ಟ್‌ನಲ್ಲಿ 2018ರ ಫೆಬ್ರವರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹೌದು ಅಂದರೂ ಬಾಂಡ್ ಬಿದ್ದುಹೋಯಿತು. ಮಕ್ಕಳು ಮಾತ್ರ ವರ್ಷ ವರ್ಷ ಬರುತ್ತಲೇ ಇರುತ್ತಾರೆ, ಅಂಗಳದಲ್ಲಿ ತಂದಿಡುವ ಪೋರ್ಟಬಲ್ ಕೋಣೆಗಳಲ್ಲಿ ಕೂತು ಪಾಠ ಕೇಳುತ್ತಾರೆ.

ಕರ್ನಾಟಕದಲ್ಲಿ ಕಂದಾಯದ ಜೊತೆ ಗ್ರಂಥಾಲಯ ಕರ ಕಟ್ಟುತ್ತೇವಲ್ಲ, ಶೇಕಡಾ 6, ಅದನ್ನು ನಮ್ಮನ್ನು ಕೇಳಿ ಹಾಕಿದ್ದಲ್ಲ. ಇಲ್ಲಿ ಕೇಳುತ್ತಾರೆ. ಆದರೆ ಸಿಟಿಜನ್ ಆದವರನ್ನು ಮಾತ್ರ. ಎಚ್1ಬಿಯಲ್ಲಿರುವ, ಗ್ರೀನ್ ಕಾರ್ಡ್ ಇರುವ ನಮ್ಮವರೆಲ್ಲ ಕಟ್ಟುತ್ತಾರೆ, ವೋಟು ಹಾಕುವ ಹಾಗಿಲ್ಲ. ಬಾಡಿಗೆ ಮನೆಯವರೂ ಬಾಡಿಗೆಯಲ್ಲೇ ಕಟ್ಟುತ್ತಾರೆ ಅಲ್ವಾ, ಬಿಲ್ ಕೈಗೆ ಬರುವುದಿಲ್ಲ ಅಷ್ಟೇ.

ವೋಟಿಲ್ಲದಿದ್ದರೂ ಸ್ಕೂಲ್ ಬೋರ್ಡ್, ಅಂದರೆ ಡಿಸ್ಟ್ರಿಕ್ಟ್‌ನ ಆಡಳಿತ ಮಂಡಳಿಯ, ಸಭೆಗೆ ಹೋಗಬಹುದು. ನಾನು ಹೋಗಿದ್ದೇನೆ. ಸಾರ್ವಜನಿಕರ ಮಾತಿಗೆ ಅಂತ ಸಮಯ ಇಡುತ್ತಾರೆ, ಮುಂಚೆ ಹೆಸರು ಕೊಟ್ಟರೆ ಮಾತಾಡಬಹುದು, ಯಾವ ವೀಸಾ ಅಂತ ನನ್ನನ್ನು ಯಾರೂ ಕೇಳಲಿಲ್ಲ. ಲೆವಿ ಹೆಚ್ಚಾಗಿ ಫೆಬ್ರವರಿಯಲ್ಲಿ ವೋಟಿಗೆ ಬರುತ್ತದೆ, ಮತಪತ್ರ ಅಂಚೆಯಲ್ಲಿ ಮನೆಗೇ ಬರುತ್ತದೆ. ನಿಮ್ಮ ಬೀದಿಯಲ್ಲಿ ಸಿಟಿಜನ್ ಆಗಿರುವ ಕನ್ನಡದವರಿದ್ದರೆ ಆಗ ಒಂದು ಮಾತು ನೆನಪಿಸಿ. ಎಷ್ಟೋ ಮನೆಗಳಲ್ಲಿ ಆ ಲಕೋಟೆ ಒಡೆಯದೆ ಹಾಗೇ ಬಿದ್ದಿರುತ್ತದೆ.