ಸಂಪಾದಕರ ಉತ್ತರ: ರೆಕ್ಕೆ ಬಿಟ್ಟದ್ದು ಹಿನ್ನಡೆಯೇ?

ತುಮಕೂರಿನ ಓದುಗರೊಬ್ಬರು ಕೇಳಿದ್ದಾರೆ: "ರೆಕ್ಕೆಯಿದ್ದ ನಾಸಾದ ಸ್ಪೇಸ್ ಷಟಲ್ 1981ರಲ್ಲೇ ಹೋಗಿ ಬಂದು ಮತ್ತೆ ಹಾರುತ್ತಿತ್ತು. ಅದನ್ನು ಮೂಲೆಗಿಟ್ಟು, ಅಪೊಲೊ ಕಾಲದಂತೆ ರೆಕ್ಕೆಯಿಲ್ಲದ ಕ್ಯಾಪ್ಸೂಲನ್ನು ಸಮುದ್ರಕ್ಕಿಳಿಸುವುದು ಹಿನ್ನಡೆಯಲ್ಲವೇ? ಚಳ್ಳಕೆರೆ ಬಳಿ ಇಳಿದ ನಮ್ಮ ಇಸ್ರೊದ ರೆಕ್ಕೆಯ ವಾಹನ ಪುಷ್ಪಕ್‌ನಲ್ಲಿ ಮನುಷ್ಯರು ಹೋಗಬಹುದೇ?"

ಹಿನ್ನಡೆಯಲ್ಲ. ನೌಕೆ ಇಡಿಯಾಗಿ ವಾಪಸ್ ಬಂದರಷ್ಟೇ ಸಾಲದು. ಅದನ್ನು ಇನ್ನೊಮ್ಮೆ ಹಾರಿಸುವ ಮೊದಲು ನೆಲದ ಮೇಲೆ ಎಷ್ಟು ದುಡಿಮೆ ಬೇಕು ಎಂಬುದೇ ಮರುಬಳಕೆಯ ನಿಜವಾದ ಅಳತೆ. ಷಟಲ್ ಸೋತದ್ದು ಅಲ್ಲಿ.

ಮರಳುವಾಗಿನ ಶಾಖ ತಡೆಯಲು ಅದರ ಮೈಗೆ ಅಂಟಿಸಿದ್ದ ಟೈಲ್‌ಗಳನ್ನೇ ನೋಡಿ. ಸುಮಾರು 24,000 ಸಿಲಿಕಾ ಟೈಲ್‌ಗಳು. ಒಳಗೆ ಶೇ 90ರಷ್ಟು ಬರೀ ಗಾಳಿ. ಹೊಟ್ಟೆಭಾಗದ ಕಪ್ಪು ಟೈಲ್ 1,200 ಡಿಗ್ರಿ ಸೆಲ್ಸಿಯಸ್ ದಾಟಿದ ಶಾಖವನ್ನೂ ತಡೆಯುತ್ತಿತ್ತು, ಆದರೆ ಸಣ್ಣ ಪೆಟ್ಟಿಗೂ ಬಿರಿಯುತ್ತಿತ್ತು. ಅಲ್ಯೂಮಿನಿಯಂ ಮೈ ಹಿಗ್ಗಿ ಕುಗ್ಗುವುದರಿಂದ ಟೈಲನ್ನು ನೇರವಾಗಿ ಅಂಟಿಸುವಂತಿರಲಿಲ್ಲ; ನಡುವೆ ಫೆಲ್ಟ್ ಬಟ್ಟೆಯ ಪದರವಿಟ್ಟು ಸಿಲಿಕೋನ್ ಅಂಟು ಹಚ್ಚಬೇಕಿತ್ತು. ಜಾಗದಿಂದ ಜಾಗಕ್ಕೆ ಆಕಾರ ಬೇರೆ, ಹಾಗಾಗಿ ಪ್ರತಿ ಟೈಲಿಗೂ ಅದರದೇ ನಂಬರು. ಮಳೆನೀರು ಹೀರದಂತೆ ಅದರೊಳಗೆ ಸೇರಿಸಿದ್ದ ರಾಸಾಯನಿಕ ಮರಳುವಾಗಿನ ಶಾಖಕ್ಕೆ ಸುಟ್ಟುಹೋಗುತ್ತಿತ್ತು. ಪ್ರತಿ ಹಾರಾಟದ ನಂತರ ಒಂದೊಂದಕ್ಕೂ ಅದನ್ನು ಮತ್ತೆ ಚುಚ್ಚಿ ತುಂಬಬೇಕು. ನೀರು ಒಳಹೊಕ್ಕರೆ ತೂಕ ಏರುತ್ತದೆ, ಮೇಲೆ ಹೋಗಿ ಹೆಪ್ಪುಗಟ್ಟಿದರೆ ಟೈಲ್ ಸೀಳುತ್ತದೆ.

ಇದರ ಜೊತೆಗೆ ಮೂರು ಮುಖ್ಯ ಎಂಜಿನ್‌ಗಳನ್ನು ಬಿಚ್ಚಿ ತಪಾಸಣೆ ಮಾಡಬೇಕಿತ್ತು. ಪಕ್ಕದ ಬೂಸ್ಟರ್ ರಾಕೆಟ್‌ಗಳನ್ನು ಅಟ್ಲಾಂಟಿಕ್‌ನಿಂದ ಎಳೆದು ತಂದು, ಅವುಗಳ ಭಾಗಗಳನ್ನು ದುರಸ್ತಿಗೆಂದು ರೈಲಿನಲ್ಲಿ ಯೂಟಾ ರಾಜ್ಯಕ್ಕೆ ಕಳಿಸುತ್ತಿದ್ದರು. ದೊಡ್ಡ ಇಂಧನ ಟ್ಯಾಂಕ್ ಪ್ರತಿ ಸಲವೂ ನಷ್ಟ. ಒಂದೇ ನೌಕೆ ಅತಿ ಬೇಗ ಮತ್ತೆ ಹಾರಿದ್ದು 1985ರಲ್ಲಿ, ಅಟ್ಲಾಂಟಿಸ್. ಆಗಲೂ ಒಂದು ಉಡಾವಣೆಯಿಂದ ಇನ್ನೊಂದಕ್ಕೆ 54 ದಿನ ಹಿಡಿಯಿತು. ಐದು ನೌಕೆ, ಮೂವತ್ತು ವರ್ಷ, 135 ಹಾರಾಟ.

ಖರ್ಚಿಗಿಂತ ದೊಡ್ಡ ಮಾತು ಜೀವದ್ದು. ಷಟಲನ್ನು ಟ್ಯಾಂಕಿನ ಪಕ್ಕಕ್ಕೆ ಕಟ್ಟಿದ್ದರಿಂದ ಮೇಲಿನಿಂದ ಉದುರಿದ್ದೆಲ್ಲ ಅದಕ್ಕೇ ಬಡಿಯುತ್ತಿತ್ತು. 2003ರ ಜನವರಿ 16ರಂದು ಟ್ಯಾಂಕಿನಿಂದ ಕಿತ್ತ ಒಂದು ಕಿಲೋಗೂ ಕಡಿಮೆ ತೂಕದ ಫೋಮ್ ತುಂಡು ಕೊಲಂಬಿಯಾದ ಎಡರೆಕ್ಕೆಯ ಅಂಚನ್ನು ಒಡೆಯಿತು. ಫೆಬ್ರವರಿ 1ರಂದು ಮರಳುವಾಗ ಆ ತೂತಿನಿಂದ ಬಿಸಿ ಅನಿಲ ನುಗ್ಗಿ, ಕಲ್ಪನಾ ಚಾವ್ಲಾ ಸೇರಿ ಏಳೂ ಮಂದಿಯನ್ನು ಕಳೆದುಕೊಂಡೆವು.

ಈಗಿನ ಕ್ಯಾಪ್ಸೂಲ್, ಅಂದರೆ ಸ್ಪೇಸ್‌ಎಕ್ಸ್ ಕಂಪನಿಯ ಕ್ರೂ ಡ್ರ್ಯಾಗನ್, ಕೂರುವುದು ರಾಕೆಟ್ಟಿನ ತುದಿಯಲ್ಲಿ. ಅದರ ಶಾಖಕವಚ ತಳದಲ್ಲಿದೆ. 'ಟ್ರಂಕ್' ಎಂಬ ಹಿಂಭಾಗ ಅದನ್ನು ಮುಚ್ಚಿಕೊಂಡಿದ್ದು, ಮರಳುವ ಹೊತ್ತಿಗಷ್ಟೇ ಕಳಚಿಕೊಳ್ಳುತ್ತದೆ. ರಾಕೆಟ್ ಕೈಕೊಟ್ಟರೆ ಕ್ಯಾಪ್ಸೂಲನ್ನು ದೂರ ತಳ್ಳಲು ಎಂಟು ಸೂಪರ್‌ಡ್ರೇಕೊ ಎಂಜಿನ್‌ಗಳಿವೆ; ಷಟಲಿಗೆ ಬೂಸ್ಟರ್ ಉರಿಯುವಾಗ ಅಂಥ ದಾರಿಯೇ ಇರಲಿಲ್ಲ. 2020ರಲ್ಲಿ ಇಬ್ಬರನ್ನು ಒಯ್ದ 'ಎಂಡೆವರ್' ಕ್ಯಾಪ್ಸೂಲ್ 2021ರ ಏಪ್ರಿಲ್‌ನಲ್ಲಿ ನಾಲ್ವರೊಂದಿಗೆ ಮತ್ತೆ ಹಾರಿತು. ಪ್ಯಾರಾಚೂಟ್ ಹೊಸವು, ಕೆಲ ವಾಲ್ವ್‌ಗಳನ್ನೂ ಶಾಖಕವಚದ ಭಾಗಗಳನ್ನೂ ಬದಲಿಸಿದ್ದರು, ಟ್ರಂಕ್ ಪ್ರತಿ ಸಲ ಹೊಸದೇ. ಉಪ್ಪುನೀರಿನ ಕಾಟ ಇದ್ದೇ ಇದೆ. ಆದರೂ ಬದಲಿಸಬೇಕಾದ್ದು ಲೆಕ್ಕಕ್ಕೆ ಸಿಗುವಷ್ಟು. ಇಸ್ರೊ ಕೂಡ ಗಗನಯಾನಕ್ಕೆ ಕ್ಯಾಪ್ಸೂಲನ್ನೇ ಆರಿಸಿದೆ.

ಇನ್ನು ಪುಷ್ಪಕ್. ಅದು ಜನರಿಲ್ಲದ, ಗಾತ್ರದಲ್ಲೂ ಚಿಕ್ಕದಾದ ಪ್ರಯೋಗವಾಹನ. 2024ರ ಜೂನ್ 23ರಂದು ಚಿನೂಕ್ ಹೆಲಿಕಾಪ್ಟರ್ ಅದನ್ನು 4.5 ಕಿ.ಮೀ. ಎತ್ತರದಲ್ಲಿ, ರನ್‌ವೇಯ ನೇರದಿಂದ 500 ಮೀಟರ್ ಪಕ್ಕಕ್ಕೆ ಬಿಟ್ಟಿತು. ತಾನಾಗಿ ದಾರಿ ಸರಿಪಡಿಸಿಕೊಂಡು ಗಂಟೆಗೆ 320 ಕಿ.ಮೀ.ಗೂ ಹೆಚ್ಚಿನ ವೇಗದಲ್ಲಿ ಇಳಿಯಿತು. ಮಾರ್ಚ್‌ನಲ್ಲಿ ಇಳಿಸಿದ ಅದೇ ಒಡಲು ಎಂಬುದು ನಮಗೆ ಹೆಮ್ಮೆಯ ಸಂಗತಿ. ಆದರೆ ಈ ಪರೀಕ್ಷೆಗಳಲ್ಲಿ ಶಾಖದ ಮಾತೇ ಬರುವುದಿಲ್ಲ. 2016ರಲ್ಲಿ ಶ್ರೀಹರಿಕೋಟಾದಿಂದ ಹಾರಿದ ಇದರ ಹಿಂದಿನ ವಾಹನ ಮುಟ್ಟಿದ್ದು ಶಬ್ದದ ಐದು ಪಟ್ಟು ವೇಗ. ಕಕ್ಷೆಯಿಂದ ಮರಳುವ ನೌಕೆಗೆ ಅದು ಸುಮಾರು 25 ಪಟ್ಟು. ಆ ಶಾಖವನ್ನು ತಡೆದು ಇಳಿದ ಮೇಲೆ ಕವಚಕ್ಕೆ ಎಷ್ಟು ದುರಸ್ತಿ ಬೇಕಾಗುತ್ತದೆ ಎಂಬುದು ತಿಳಿಯುವವರೆಗೆ ಅದರಲ್ಲಿ ಮನುಷ್ಯರನ್ನು ಕೂರಿಸುವ ಮಾತು ಬೇಡ.

– ಸಂ.