ಯಾವ ದಾರಿ ಗೆಲ್ಲುತ್ತದೆ?

ಪ್ರಶ್ನೆ: ಸಿಸ್ಕೋ ಕಂಪನಿಯ ನೆಟ್‌ವರ್ಕಿಂಗ್ ಪರೀಕ್ಷೆಗಳಲ್ಲಿ ಸಿಸಿಎನ್‌ಎ ಮುಗಿಸಿ, ಮುಂದಿನ ಹಂತದ ಸಿಸಿಎನ್‌ಪಿಗೆ ಓದುತ್ತಿದ್ದೇನೆ. ಅಭ್ಯಾಸಕ್ಕೆಂದು ಜೋಡಿಸಿದ ಸಿಸ್ಕೋ ರೂಟರ್ ಒಂದಕ್ಕೆ ಒಎಸ್‌ಪಿಎಫ್ ಎಂಬ ರೂಟಿಂಗ್ ಪ್ರೋಟೋಕಾಲ್ (ರೂಟರ್‌ಗಳು ದಾರಿಗಳನ್ನು ಪರಸ್ಪರ ತಿಳಿಸುವ ವಿಧಾನ) ಮೂಲಕ 10.1.0.0/16 ಜಾಲದ ದಾರಿ, ಆರ್‌ಐಪಿ ಎಂಬ ಇನ್ನೊಂದರ ಮೂಲಕ 10.1.1.0/24 ಜಾಲದ ದಾರಿ ತಿಳಿದುಬಂದಿತ್ತು. ಒಎಸ್‌ಪಿಎಫ್‌ನ ಅಡ್ಮಿನಿಸ್ಟ್ರೇಟಿವ್ ಡಿಸ್ಟೆನ್ಸ್ (ದಾರಿ ತಿಳಿಸಿದ ಮೂಲವನ್ನು ಎಷ್ಟು ನಂಬಬೇಕೆಂದು ಸೂಚಿಸುವ ಸಂಖ್ಯೆ) 110, ಆರ್‌ಐಪಿಯದು 120. ಕಡಿಮೆ ಇರುವುದಕ್ಕೇ ಆದ್ಯತೆ ಎಂದು ಕಲಿತಿದ್ದೇನೆ. ಆದರೂ 10.1.1.25ಕ್ಕೆ ಹೊರಟ ಪ್ಯಾಕೆಟ್ ಆರ್‌ಐಪಿಯ ದಾರಿಯನ್ನೇ ಹಿಡಿಯಿತು. ಇದೇಕೆ?

ಉತ್ತರ: ನೀವು ಕಲಿತ ನಿಯಮ ಸರಿಯಾಗಿದೆ, ಆದರೆ ಇಲ್ಲಿ ಅದನ್ನು ಅನ್ವಯಿಸುವ ಸಂದರ್ಭವೇ ಬಂದಿಲ್ಲ. ಒಂದೇ ಜಾಲಕ್ಕೆ, ಅಂದರೆ ವಿಳಾಸವೂ ಪ್ರಿಫಿಕ್ಸ್‌ನ ಉದ್ದವೂ (ವಿಳಾಸದ ಮೊದಲ ಎಷ್ಟು ಬಿಟ್‌ಗಳು ಜಾಲವನ್ನು ಸೂಚಿಸುತ್ತವೆಂದು ಹೇಳುವ /16, /24ರಂಥ ಸಂಖ್ಯೆ) ಒಂದೇ ಆಗಿರುವಾಗ, ಎರಡು ಬೇರೆ ಪ್ರೋಟೋಕಾಲ್‌ಗಳು ದಾರಿ ಹೇಳಿದರೆ ಯಾವುದನ್ನು ರೂಟಿಂಗ್ ಟೇಬಲ್‌ಗೆ ಸೇರಿಸಬೇಕೆಂದು ತೀರ್ಮಾನಿಸುವುದಷ್ಟೇ ಅಡ್ಮಿನಿಸ್ಟ್ರೇಟಿವ್ ಡಿಸ್ಟೆನ್ಸ್‌ನ ಕೆಲಸ. /16 ಮತ್ತು /24 ರೂಟರ್‌ನ ಲೆಕ್ಕದಲ್ಲಿ ಎರಡು ಬೇರೆ ಜಾಲಗಳಾದ್ದರಿಂದ ಅವುಗಳ ನಡುವೆ ಸ್ಪರ್ಧೆಯೇ ಇಲ್ಲದೆ ಎರಡೂ ಟೇಬಲ್ ಸೇರಿದವು. ಆಮೇಲೆ ಪ್ಯಾಕೆಟ್ ಬಂದಾಗ ರೂಟರ್ ನೋಡುವುದು ಅದರ ವಿಳಾಸಕ್ಕೆ ಹೊಂದುವ ಅತಿ ಉದ್ದದ ಪ್ರಿಫಿಕ್ಸ್ ಯಾವುದು ಎಂಬುದನ್ನು ಮಾತ್ರ. ಹಾಗಾಗಿ /24 ಗೆದ್ದಿತು. ಮೆಟ್ರಿಕ್‌ನ ಪಾತ್ರ ಇವೆರಡಕ್ಕೂ ಮೊದಲಿನದು: ಒಂದೇ ಪ್ರೋಟೋಕಾಲ್ ತನ್ನೊಳಗಿನ ದಾರಿಗಳನ್ನು ಹೋಲಿಸಲು ಅದನ್ನು ಬಳಸುತ್ತದೆ. ಒಎಸ್‌ಪಿಎಫ್‌ನ ಕಾಸ್ಟನ್ನು ಆರ್‌ಐಪಿಯ ಹಾಪ್ ಎಣಿಕೆಯೊಂದಿಗೆ (ದಾರಿಯಲ್ಲಿ ದಾಟಬೇಕಾದ ರೂಟರ್‌ಗಳ ಸಂಖ್ಯೆ) ಹೋಲಿಸುವುದು ತೂಕವನ್ನು ಉದ್ದದೊಂದಿಗೆ ಹೋಲಿಸಿದಂತೆ.

ಈ ವ್ಯತ್ಯಾಸ ಪರೀಕ್ಷೆಗಿಂತ ಹೆಚ್ಚಾಗಿ ಕೆಲಸದಲ್ಲಿ ಕಾಡುವುದು ಫ್ಲೋಟಿಂಗ್ ಸ್ಟ್ಯಾಟಿಕ್ ರೂಟ್ (ಮುಖ್ಯ ದಾರಿ ಕಡಿದಾಗ ಮಾತ್ರ ಬಳಕೆಗೆ ಬರಲೆಂದು ಕೈಯಾರೆ ಬರೆದಿಡುವ ದಾರಿ) ಬರೆಯುವಾಗ. ಮುಖ್ಯ ಲಿಂಕ್‌ನಲ್ಲಿ ಒಎಸ್‌ಪಿಎಫ್‌ನಿಂದ /16 ಬರುತ್ತಿದ್ದು, ಬದಲಿ ಲಿಂಕ್‌ಗೆಂದು ನೀವು /24ಕ್ಕೆ ಸ್ಟ್ಯಾಟಿಕ್ ರೂಟ್ ಬರೆದರೆ, ಅದಕ್ಕೆ 250 ಡಿಸ್ಟೆನ್ಸ್ ಕೊಟ್ಟರೂ ಅದು ಕಾದು ಕೂರುವುದಿಲ್ಲ. ಮುಖ್ಯ ಲಿಂಕ್ ಸುಸ್ಥಿತಿಯಲ್ಲಿರುವಾಗಲೇ ಆ /24ರ ದಟ್ಟಣೆಯೆಲ್ಲ ಬದಲಿ ಲಿಂಕ್‌ಗೆ ಹರಿಯುತ್ತದೆ. ಸಂಖ್ಯೆಯನ್ನು ಇನ್ನಷ್ಟು ಏರಿಸಿ ನೋಡುವುದರಿಂದ ಪ್ರಯೋಜನವಿಲ್ಲ. ಎರಡೂ ದಾರಿಗಳ ಪ್ರಿಫಿಕ್ಸ್ ಒಂದೇ ಆಗಿರಬೇಕು.

ಪ್ರಶ್ನೆ: ಒಂದೇ ಈಥರ್‌ನೆಟ್ ಭಾಗದಲ್ಲಿರುವ ಕೆಲವು ಒಎಸ್‌ಪಿಎಫ್ ರೂಟರ್‌ಗಳ ನಡುವಿನ ಸಂಬಂಧ ‘ಟೂ-ವೇ’ (ಪರಸ್ಪರ ಗುರುತಿಸಿಕೊಂಡ) ಹಂತದಲ್ಲೇ ನಿಂತಿದೆ, ‘ಫುಲ್’ (ಜಾಲದ ಮಾಹಿತಿಯನ್ನು ಪೂರ್ತಿ ಹಂಚಿಕೊಂಡ ಹಂತ) ಆಗುತ್ತಿಲ್ಲ. ಇದು ದೋಷವೇ?

ಉತ್ತರ: ಆ ಎರಡೂ ರೂಟರ್‌ಗಳು ಡಿಆರ್ (ಆ ಭಾಗದಲ್ಲಿ ಮಾಹಿತಿ ಹಂಚಲು ಆಯ್ಕೆಯಾದ ರೂಟರ್) ಅಥವಾ ಬಿಡಿಆರ್ (ಅದರ ಬದಲಿ) ಅಲ್ಲವಾದರೆ ದೋಷವಲ್ಲ, ಅವು ನಿಲ್ಲಬೇಕಾದದ್ದೇ ಅಲ್ಲಿ. ಹತ್ತು ರೂಟರ್‌ಗಳು ತಮ್ಮತಮ್ಮಲ್ಲೇ ಪೂರ್ಣ ಸಂಬಂಧ ಬೆಳೆಸಿದರೆ 45 ಜೋಡಿಗಳಾಗುತ್ತವೆ. ಡಿಆರ್ ಮತ್ತು ಬಿಡಿಆರ್ ಜೊತೆಗೆ ಮಾತ್ರ ಬೆಳೆಸಿದರೆ 17 ಸಾಕು. ಇವೆರಡರ ನಡುವಿನ ‘ಎಕ್ಸ್‌ಸ್ಟಾರ್ಟ್’ ಅಥವಾ ‘ಎಕ್ಸ್‌ಚೇಂಜ್’ ಹಂತದಲ್ಲಿ ಸಿಕ್ಕಿಬಿದ್ದಿದ್ದರೆ ಮಾತ್ರ ಚಿಂತಿಸಿ, ಮೊದಲು ಎರಡೂ ಬದಿಯ ಎಂಟಿಯು (ಒಮ್ಮೆಗೆ ಕಳುಹಿಸಬಹುದಾದ ಪ್ಯಾಕೆಟ್‌ನ ಗರಿಷ್ಠ ಗಾತ್ರ) ಹೊಂದಿಕೆಯಾಗಿದೆಯೇ ಎಂದು ಪರೀಕ್ಷಿಸಿ.