ಲ್ಯಾಟಿನ್ ‘ಪ್ಲುಸ್’, ಫ್ರೆಂಚ್ ‘ಪ್ಲ್ಯು’: ಎರಡೂ ಒಂದೇ ಪದಾನಾ?

ನೀವು ಕೇಳಿರೋದು, ಪಿ-ಎಲ್-ಯು-ಎಸ್ ಅಂತ ಬರೆಯೋ ಪದ ಫ್ರೆಂಚಲ್ಲೂ ಇದೆ ಲ್ಯಾಟಿನ್ನಲ್ಲೂ ಇದೆ, ಎರಡೂ ಒಂದೇನಾ, ಮತ್ತೆ ಫ್ರೆಂಚ್ ಟೀಚರ್ ಒಂದ್ಸಲ ಕೊನೇ ಎಸ್ ಹೇಳ್ತಾರೆ ಇನ್ನೊಂದ್ಸಲ ನುಂಗಿಬಿಡ್ತಾರೆ, ಯಾಕೆ ಅಂತ. ಪದ ಒಂದೇ. ನಾವು ಲೆಕ್ಕದಲ್ಲಿ ಹೇಳೋ ಪ್ಲಸ್ಸೂ ಅದೇ, ಇಂಗ್ಲಿಷ್ ಮೂಲಕ ಬಂದಿದ್ದು. ಆದ್ರೆ ಲ್ಯಾಟಿನ್ನಲ್ಲಿ ‘ಹೆಚ್ಚು’ ಅಂತಷ್ಟೇ ಇದ್ದ ಪದ ಫ್ರೆಂಚಿಗೆ ಬಂದ್ಮೇಲೆ ‘ಇನ್ನಿಲ್ಲ’ ಅನ್ನೋ ಅರ್ಥಾನೂ ಹೊತ್ಕೊಂಡಿದೆ, ನಿಮ್ಮ ಎಸ್ ಸಮಸ್ಯೆ ಶುರುವಾಗೋದೇ ಅಲ್ಲಿಂದ.

ಲ್ಯಾಟಿನ್ ಪದ ತುಂಬಾ ಹಳೇದು. ಕ್ರಿ.ಪೂ. 186ರಲ್ಲಿ ರೋಮ್‌ನ ಸೆನೆಟ್ ಬ್ಯಾಕಸ್ ದೇವರ ಗುಟ್ಟಿನ ಪೂಜೆಗಳಿಗೆ ಕಡಿವಾಣ ಹಾಕಿ ಆದೇಶ ಹೊರಡಿಸ್ತು, ಅದನ್ನ ಕೆತ್ತಿರೋ ಕಂಚಿನ ಫಲಕ ಈಗ ವಿಯೆನ್ನಾದಲ್ಲಿದೆ. ಗಂಡಸರು ಹೆಂಗಸರು ಎಲ್ಲಾ ಸೇರಿ ಐದು ಜನಕ್ಕಿಂತ ಹೆಚ್ಚಿದ್ರೆ ಪೂಜೆ ಮಾಡಕೂಡದು ಅನ್ನೋ ಸಾಲಲ್ಲಿ ‘ಪ್ಲೌಸ್’ ಅಂತ ಹಳೇ ರೂಪದಲ್ಲೇ ಈ ಪದ ಇದೆ, ಅದರ ಪಕ್ಕದಲ್ಲೇ ರೋಮನ್ ಐದು. ಇದರ ಬೇರು ‘ತುಂಬು’ ಅನ್ನೋ ಅರ್ಥದ್ದು, ನಾವು ದಿನಾ ಬಳಸೋ ಸಂಸ್ಕೃತದ ‘ಪೂರ್ಣ’ ಕೂಡ ಅದೇ ಬೇರಿಂದ ಬಂದಿದ್ದು, ಇದು ಗೊತ್ತಾದ ದಿನ ನನಗೆ ತುಂಬಾ ಖುಷಿಯಾಗಿತ್ತು.

ರೂಪಗಳ ವಿಷಯಕ್ಕೆ ಬಂದ್ರೆ ಲ್ಯಾಟಿನ್ನಲ್ಲಿ ಏಕವಚನದ ‘ಪ್ಲುಸ್’ ನಪುಂಸಕ ನಾಮಪದದ ಥರ ನಡ್ಕೊಳ್ಳುತ್ತೆ, ಮುಂದಿನ ಪದ ಷಷ್ಠಿಯಲ್ಲಿ ಬರುತ್ತೆ, ‘ಪ್ಲುಸ್ ಪೆಕೂನಿಯೈ’ ಅಂದ್ರೆ ಹೆಚ್ಚು ಹಣ. ಫ್ರೆಂಚಿನ ‘ಪ್ಲ್ಯುಸ್ ದಾರ್ಜಾಂ’ ನೋಡಿ, ಆ ಷಷ್ಠಿಯ ಜಾಗದಲ್ಲಿ ‘ದ’ ಬಂದು ಕೂತಿದೆ ಅಷ್ಟೆ. ಬಹುವಚನ ‘ಪ್ಲೂರೇಸ್’, ‘ಪ್ಲೂರಾ’, ಅಮೆರಿಕದ ಮುದ್ರೆ ಮೇಲಿರೋ ‘ಎ ಪ್ಲೂರಿಬುಸ್ ಊನುಮ್’ (ಹಲವುಗಳಿಂದ ಒಂದು) ಅನ್ನೋದರಲ್ಲಿರೋದು ಇದರದ್ದೇ ಇನ್ನೊಂದು ರೂಪ. ‘ಇನ್ನೂ ಎತ್ತರ’ ಅನ್ನೋಕೆ ಲ್ಯಾಟಿನ್ನಲ್ಲಿ ಪದದ ಬಾಲಾನೇ ಬದಲಾಯಿಸಿ ‘ಆಲ್ಟಿಯೊರ್’ ಅಂತಿದ್ರು. ಆಮೇಲೆ ಜನರ ಬಾಯಲ್ಲಿ ಅದು ಸವೆದುಹೋಗಿ ಗುಣವಾಚಕಕ್ಕಿಂತ ಮೊದ್ಲು ಒಂದು ಪದ ಸೇರಿಸೋ ರೂಢಿ ಬಂತು, ಫ್ರೆಂಚರೂ ಇಟಲಿಯವರೂ ‘ಪ್ಲುಸ್’ ಹಿಡ್ಕೊಂಡ್ರು, ಸ್ಪೇನ್‌ನವರು ‘ಮಾಗಿಸ್’ ಹಿಡ್ಕೊಂಡು ‘ಮಾಸ್’ ಅಂದ್ರು. ಆ ಮಾಗಿಸ್ ಫ್ರೆಂಚಲ್ಲೂ ಉಳಿದಿದೆ, ಆದ್ರೆ ‘ಮೇ’ ಅಂತ, ಅರ್ಥ ‘ಆದರೆ’!

ಈಗ ಎಸ್. ನಾನು ಒಂದು ಪ್ರಾಜೆಕ್ಟ್ ಮೇಲೆ ಆರು ತಿಂಗಳು ಫ್ರಾನ್ಸಿನ ತುಲೂಸ್‌ನಲ್ಲಿದ್ದೆ. ಒಂದಿನ ಬೆಳಿಗ್ಗೆ ಆಫೀಸಿನ ಕಾಫಿ ಮಷಿನ್ ಮೇಲೆ ಹಳದಿ ಚೀಟಿ ಅಂಟಿಸಿದ್ರು, ‘ಇ ಯಾ ಪ್ಲ್ಯು(ಸ್) ದ ಕಫೆ’ ಅಂತ. ಇನ್ನೂ ಕಾಫಿ ಇದೆ ಅಂದ್ಕೊಂಡು ಕಪ್ ಇಟ್ಟು ಬಟನ್ ಒತ್ತಿದೆ, ಏನೂ ಬರ್ಲಿಲ್ಲ. ಪಕ್ಕದಲ್ಲಿದ್ದವರು ಚೀಟೀನ ಜೋರಾಗಿ ಓದಿದ್ರು, ‘ಪ್ಲ್ಯು’, ಎಸ್ ಇಲ್ಲ, ಅಂದ್ರೆ ಕಾಫಿ ಖಾಲಿ. ಎಸ್ ಹಾಕಿ ‘ಪ್ಲ್ಯುಸ್’ ಅಂದಿದ್ರೆ ಹೆಚ್ಚು ಕಾಫಿ ಅಂತಾಗ್ತಿತ್ತು. ವ್ಯಾಕರಣದ ಪ್ರಕಾರ ‘ಇನ್ನಿಲ್ಲ’ ಅನ್ನೋಕೆ ಕ್ರಿಯಾಪದಕ್ಕಿಂತ ಮೊದ್ಲು ಒಂದು ‘ನ’ ಬರ್ಬೇಕು, ಆದ್ರೆ ಮಾತಲ್ಲಿ ಅದನ್ನ ಬಿಟ್ಟುಬಿಡ್ತಾರೆ, ಆಗ ಇಲ್ಲ ಅನ್ನೋ ಭಾರ ಪೂರ್ತಿ ಈ ಒಂದು ಪದದ ಮೇಲೆ ಬೀಳುತ್ತೆ. ನಮ್ಮ ‘ಇನ್ನೂ ಬೇಕು’, ‘ಇನ್ನು ಬೇಡ’ ನೆನಪಿಸ್ಕೊಳ್ಳಿ, ಒಂದು ದೀರ್ಘದಷ್ಟೇ ವ್ಯತ್ಯಾಸ, ಆದ್ರೆ ನಮಗೆ ಬೇಕು ಬೇಡ ಅನ್ನೋ ಕ್ರಿಯಾಪದದ ಆಸರೆ ಇದೆ, ಅವರಿಗೆ ಅದೂ ಇಲ್ಲ.

ನಾನು ನೆನಪಿಟ್ಕೊಂಡಿರೋದು ಹೀಗೆ: ‘ಇನ್ನಿಲ್ಲ’ ಅಂದ್ರೆ ಎಸ್ ನುಂಗಿ. ‘ಹೆಚ್ಚು’ ಅಂತಾಗಿ ವಾಕ್ಯದ ಕೊನೇಲಿ ಬಂದ್ರೆ ಎಸ್ ಹೇಳಿ, ಕೂಡೋ ಲೆಕ್ಕದಲ್ಲೂ ಹೇಳಿ. ಗುಣವಾಚಕಕ್ಕಿಂತ ಮೊದ್ಲು ಬಂದ್ರೆ ಮತ್ತೆ ನುಂಗಿ, ‘ಪ್ಲ್ಯು ಗ್ರಾಂ’, ಆದ್ರೆ ಮುಂದಿನ ಪದ ಸ್ವರದಿಂದ ಶುರುವಾದ್ರೆ ಝ್ ಸೇರುತ್ತೆ. ‘ಯು’ ಹೇಳುವಾಗ ತುಟೀನ ‘ಉ’ಗೆ ಮಾಡೋ ಹಾಗೆ ಗುಂಡಗೆ ಮಾಡಿ ಒಳಗಡೆ ‘ಈ’ ಅನ್ನಿ.

ಎರಡು ಭಾಷೆಗೂ ಇದು ಎಷ್ಟು ಸಮಾನ ಅಂತ ನೋಡ್ಬೇಕಂದ್ರೆ ಸ್ಪೇನ್ ಬಾವುಟ ಜೂಮ್ ಮಾಡಿ ನೋಡಿ. ಸ್ಪೇನ್ ರಾಜ ಐದನೇ ಚಾರ್ಲ್ಸ್ 1516ರಲ್ಲಿ ಇಟ್ಕೊಂಡ ಧ್ಯೇಯವಾಕ್ಯ ಮೊದ್ಲು ಫ್ರೆಂಚಲ್ಲಿತ್ತು, ‘ಪ್ಲ್ಯುಸ್ ಊಲ್ತ್ರ್’, ಇನ್ನೂ ಆಚೆಗೆ ಅಂತ. ಆಮೇಲೆ ಲ್ಯಾಟಿನ್‌ಗೆ ತಿರುಗಿಸಿ ‘ಪ್ಲುಸ್ ಉಲ್ಟ್ರಾ’ ಮಾಡಿದ್ರು. ಎರಡನೇ ಪದ ಬದಲಾಯ್ತು, ಮೊದಲನೇದರಲ್ಲಿ ಒಂದಕ್ಷರಾನೂ ಮುಟ್ಬೇಕಾಗಿ ಬರ್ಲಿಲ್ಲ. ಈಗ ಬಾವುಟದ ಲಾಂಛನದಲ್ಲಿರೋ ಎರಡು ಕಂಬಗಳಲ್ಲಿ ಒಂದರ ಮೇಲೆ ಪ್ಲುಸ್, ಇನ್ನೊಂದರ ಮೇಲೆ ಉಲ್ಟ್ರಾ.

ಹಾಂ, ಫ್ರೆಂಚ್ ಫ್ರೆಂಡ್ಸ್ ಮೆಸೇಜ್ ಕೊನೇಲಿ ಎ ಬರೆದು ಪಕ್ಕದಲ್ಲಿ + ಗುರುತು ಹಾಕಿದ್ರೆ ಅದು ‘ಆಮೇಲೆ ಸಿಗೋಣ’ ಅಂತ. ಪೂರ್ತಿ ಹೇಳಿದ್ರೆ ‘ಆ ಪ್ಲ್ಯು ತಾರ್’, ಎಸ್ ಇಲ್ಲ, ಮೊಟಕು ಮಾಡಿದಾಗ ‘ಆ ಪ್ಲ್ಯುಸ್’, ಇಲ್ಲಿ ಎಸ್ ಹೇಳ್ಲೇಬೇಕು.